ಶೆಟ್ರ ಜೀಪು, ಭಟ್ರ ಜೀಪು ಮತ್ತು ಬಂಗುಡೆ

ನಮ್ಮ ಶೆಟ್ರಿಗೆ ಜೀಪಿನ ಹುಚ್ಚು ಹಿಡಿದಿದೆ. ಹೊಸ ಜೀಪಲ್ಲ. ಏಸಿ, ಟಚ್‌ಸ್ಕ್ರೀನ್ ಎಲ್ಲ ಇರುವ ಈಗಿನ ಗಾಡಿಗಳನ್ನು ಅವರು "ಜೀಪಿನ ವೇಷ ಹಾಕಿದ ಕಾರು" ಎಂದು ತಳ್ಳಿಬಿಡುತ್ತಾರೆ. ಅವರಿಗೆ ಬೇಕಾದದ್ದು ಹಳೇದು, ಪೂರ್ತಿ ಒರಿಜಿನಲ್. ಸಾಧ್ಯವಾದರೆ ಯುದ್ಧಕ್ಕೆ ಹೋಗಿ ಬಂದದ್ದೇ ಆಗಬೇಕು.

ಮೊನ್ನೆ ಸಂಜೆ ಮಂಗಳೂರಿನ ಬಿಜೈಯಲ್ಲಿ ಗೋಳಿಬಜೆ ತಿನ್ನುತ್ತಾ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಪಕ್ಕದಲ್ಲಿ ಸಲಿಕೆ, ಕೊಡಲಿ ಕಟ್ಟಿದ್ದಾರೆ.

"ಎರಡನೇ ಮಹಾಯುದ್ಧದ ಗಾಡಿ ಮಾರಾಯ್ರೆ. ಮಾರುವವನೇ ಹೇಳಿದ್ದು."

"ಮಾರುವವ ಹೇಳದೆ ಮತ್ತೆ ಹಿಟ್ಲರ್ ಬಂದು ಹೇಳ್ಬೇಕಾ?" ಎಂದರು ಪೈಗಳು. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿ ಯಾರನ್ನೂ ನಂಬದ ಅಭ್ಯಾಸ ಅವರದು. ರಿಟೈರ್ ಆದರೂ ಹೋಗಿಲ್ಲ.

ಫೋಟೋ ಗ್ಯಾರೇಜಿನ ಕಾಕನ ಕೈಗೆ ಹೋಯಿತು. ಕಾಕ ಬೆರಳಿನ ಗ್ರೀಸನ್ನು ಪ್ಯಾಂಟಿಗೆ ಒರೆಸಿ, ಚಿತ್ರ ದೊಡ್ಡದು ಮಾಡಿ ನೋಡಿದರು.

"ಶೆಟ್ರೆ, ಇದು ಯುದ್ಧ ನೋಡಿದ ಗಾಡಿ ಅಲ್ಲ. ಬಾನೆಟ್ ಎಷ್ಟು ಎತ್ತರ ಉಂಟು ನೋಡಿ. ಅಮೆರಿಕದ ವಿಲ್ಲೀಸ್ ಕಂಪೆನಿ ಯುದ್ಧಕ್ಕೆ ಮಾಡಿದ ಜೀಪಿನದ್ದು ತಗ್ಗು ಬಾನೆಟ್. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು ಇರ್ತದೆ. ಇದು ಅದೇ ಕಂಪೆನಿ ಆಮೇಲೆ ಜನಸಾಮಾನ್ಯರಿಗೆ ಮಾಡಿದ ಸಿಜೆ-3ಬಿ. ಅಮೆರಿಕದಲ್ಲಿ ಈ ಮಾಡೆಲ್ ಬಂದದ್ದೇ 1953ರಲ್ಲಿ."

"ಯುದ್ಧ ಮುಗಿದದ್ದು 1945ರಲ್ಲಿ," ಎಂದರು ಪೈಗಳು. "ಎಂಟು ವರ್ಷ ಲೇಟಾಗಿ ಹೊರಟದ್ದಾ ಹೇಗೆ?"

ಬಾನೆಟ್ ಎತ್ತರ ಆದದ್ದಕ್ಕೂ ಕಾರಣ ಇದೆ. ಯುದ್ಧದ ಕಾಲದ ಎಂಜಿನ್ನಿಗೆ ಒಳಗೆ ಬಿಡುವ ಇನ್‌ಲೆಟ್, ಹೊಗೆ ಹೊರಬಿಡುವ ಎಕ್ಸಾಸ್ಟ್, ಎರಡೂ ಬಗೆಯ ವಾಲ್ವ್ ಕೆಳಗಿನ ಬ್ಲಾಕಿನಲ್ಲೇ ಇದ್ದವು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವನ್ನು ಮೇಲೆ ಹೆಡ್ಡಿಗೆ ಏರಿಸಿದರು. ಪವರ್ ಜಾಸ್ತಿ ಆಯಿತು, ಎಂಜಿನ್ನೂ ಎತ್ತರ ಆಯಿತು. ಹಳೇ ಬಾನೆಟ್ ಮುಚ್ಚಲಿಲ್ಲ, ಅದನ್ನೇ ಎತ್ತರಿಸಿದರು. ಮಹೀಂದ್ರದವರು ನಮ್ಮಲ್ಲಿ ದಶಕಗಟ್ಟಲೆ ಮಾಡಿದ್ದು ಈ ಎತ್ತರ ಹಣೆಯ ಜೀಪನ್ನೇ. ನಮ್ಮೂರಲ್ಲಿ ಹಳೇ ಜೀಪು ಎಂದರೆ ಹೆಚ್ಚಾಗಿ ಇದು ಅಥವಾ ಇದರ ತಮ್ಮಂದಿರು. ಅದಕ್ಕೆ ಹಸಿರು ಬಳಿದು ನಕ್ಷತ್ರ ಅಂಟಿಸಿದರೆ ರೇಟು ಏರುತ್ತದೆ.

ಶೆಟ್ರು ಸುಲಭಕ್ಕೆ ಬಿಡುವವರಲ್ಲ. "ಫೋರ್ಡ್‌ನವರು ಮಾಡಿದ ಯುದ್ಧದ ಜೀಪಿನಲ್ಲಿ ಬೋಲ್ಟಿನ ತಲೆ ಮೇಲೂ ಎಫ್ ಅಂತ ಅಕ್ಷರ ಉಂಟಂತೆ. ನನಗೆ ಆ ಥರ ಒರಿಜಿನಲ್ ಬೇಕು. ಒಂದು ಬೋಲ್ಟ್ ಸಹ ಬದಲಾಗಿರಬಾರದು."

"ಒಳ್ಳೆ ಕಥೆ," ಎಂದರು ಪೈಗಳು. "1945ರಲ್ಲಿ ಶುರುವಾಗುವಾಗ ನಮ್ಮಲ್ಲಿ ಜೀಪು ಮಾಡಿದ ಕಂಪೆನಿಯ ಹೆಸರು ಮಹೀಂದ್ರ ಆಂಡ್ ಮೊಹಮ್ಮದ್. ದೇಶ ಭಾಗ ಆಯ್ತು, ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಹಣಕಾಸು ಮಂತ್ರಿ ಆದರು. 1948ರಲ್ಲಿ ಹೆಸರು ಮಹೀಂದ್ರ ಆಂಡ್ ಮಹೀಂದ್ರ ಅಂತ ಆಯ್ತು. ಕಂಪೆನಿಯ ಹೆಸರೇ ಒರಿಜಿನಲ್ ಉಳಿದಿಲ್ಲ, ನಿಮಗೆ ಬೋಲ್ಟ್ ಒರಿಜಿನಲ್ ಬೇಕಾ?"

ಕಾಕನಿಗೆ ಮಾತ್ರ ಯುದ್ಧದ ಜೀಪೆಂದರೆ ನಿಜವಾದ ಪ್ರೀತಿ. ಅದರ ಹೆಡ್‌ಲೈಟಿನ ನಟ್ ಸಡಿಲಿಸಿ ದೀಪವನ್ನು ಹಿಂದಕ್ಕೆ ಮಗುಚಬಹುದಂತೆ. ಬಾನೆಟ್ ಎತ್ತಿದರೆ ಅದೇ ದೀಪ ಎಂಜಿನ್ನಿಗೆ ಬೆಳಕು ಕೊಡುತ್ತದೆ. ರಾತ್ರಿ ರಿಪೇರಿಗೆ ಟಾರ್ಚ್ ಹಿಡಿಯಲು ಇನ್ನೊಬ್ಬ ಬೇಡ.

"ಅಂದ್ರೆ ಮಾಡಿದವರಿಗೇ ಗೊತ್ತಿತ್ತು," ಎಂದರು ಪೈಗಳು, "ರಾತ್ರಿ ದಾರಿಯಲ್ಲಿ ನಿಲ್ತದೆ ಅಂತ."

"ಪೆಟ್ರೋಲ್ ಟ್ಯಾಂಕ್ ಎಲ್ಲಿ ಗೊತ್ತುಂಟಾ? ಡ್ರೈವರನ ಸೀಟಿನ ಅಡಿ. ಬಂಕಿಗೆ ಹೋದರೆ ಇಳಿದು ಸೀಟ್ ಎತ್ಬೇಕು."

"ಮೇಲಿಂದ ಗುಂಡು, ಕೆಳಗೆ ಪೆಟ್ರೋಲ್! ನಮ್ಮ ಬ್ಯಾಂಕಿಗೆ ಬಂದಿದ್ರೆ ನಾನು ಆ ಡ್ರೈವರನಿಗೆ ಸಾಲ ಕೊಡ್ತಿರ್ಲಿಲ್ಲ."

ಇಷ್ಟರಲ್ಲಿ ಪೈಗಳ ಅಳಿಯ ಬಾಯಿ ಹಾಕಿದ. ಅವನಿಗೆ ಮಾರುತಿಯವರ ಜಿಪ್ಸಿ ಇಷ್ಟ. 1985ರಲ್ಲಿ ಬಂದ 970 ಸಿಸಿಯ ಗಾಡಿ. ಹಗುರ, ಹಾಗಾಗಿ ಕೆಸರಿನಲ್ಲಿ ಹೂತರೂ ನಾಲ್ಕು ಜನ ಸೇರಿ ದೂಡಬಹುದು. ಶೆಟ್ರು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜಿಪ್ಸಿ ಅವರ ಕಣ್ಣಲ್ಲಿ ಇನ್ನೂ ಚಿಕ್ಕ ಹುಡುಗ. ಬದಲಿಗೆ ಜಬಲ್ಪುರದಲ್ಲಿ ಸೇನೆಗಾಗಿ ಮಾಡುತ್ತಿದ್ದ ಜೋಂಗಾದ ಮಾತೆತ್ತಿದರು. ಆರು ಸಿಲಿಂಡರ್, 3,956 ಸಿಸಿ, ಪೆಟ್ರೋಲ್. ಪೈಗಳು ಟಿಶ್ಯೂ ಪೇಪರಿನಲ್ಲಿ ಏನೋ ಲೆಕ್ಕ ಹಾಕಿ, ಮಡಿಸಿ, ಕಿಸೆಗೆ ಹಾಕಿಕೊಂಡರು. ಏನು ಬಂತು ಎಂದು ನಾವು ಕೇಳಲಿಲ್ಲ.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವರು ಭಟ್ರು. ಸುಳ್ಯದ ಕಡೆ ಅಡಿಕೆ ತೋಟ. ಅವರ ಜೀಪು ಹೊರಗೇ ನಿಂತಿತ್ತು. ಚಾಸಿ, ಅಂದರೆ ಅಡಿಯ ಚೌಕಟ್ಟು, ಅವರ ಅಪ್ಪ ತೆಗೆದುಕೊಂಡ ಪೆಟ್ರೋಲ್ ಜೀಪಿನದು. ಡೀಸೆಲ್ ಅಗ್ಗ ಎಂದು ಎಲ್ಲರೂ ಎಂಜಿನ್ ಬದಲಿಸುತ್ತಿದ್ದ ಕಾಲದಲ್ಲಿ ಇವರೂ ಬದಲಿಸಿದರು. ಈಗ ಇರುವುದು ಮಹೀಂದ್ರದವರ ಎಂಎಂ 540 ಜೀಪಿನ ಡೀಸೆಲ್ ಎಂಜಿನ್, ಫ್ರೆಂಚ್ ಪೂಜೋ ಲೈಸೆನ್ಸಿನ 2,112 ಸಿಸಿಯದು. ಬಾಡಿ ಪುತ್ತೂರಿನ ಟಿಂಕರ್ ಬಡಿದದ್ದು. ಹಿಂದಿನ ಸೀಟು ಯಾವುದೋ ಬಸ್ಸಿನದು.

"ಅಲ್ಲ ಭಟ್ರೆ, ನಿಮ್ಮ ಜೀಪಿನಲ್ಲಿ ಒರಿಜಿನಲ್ ಅಂತ ಎಂತ ಉಂಟು?" ಶೆಟ್ರು ಕೆಣಕಿದರು.

"ಡ್ರೈವರ್," ಎಂದರು ಭಟ್ರು.

ನನ್ನ ಮತ ಭಟ್ರಿಗೆ. ನಮ್ಮ ಜಿಲ್ಲೆಯವರಿಗೆ ಜೀಪಿನ ಮೇಲೆ ಇರುವ ಪ್ರೀತಿ ಯುದ್ಧದ ಸಿನಿಮಾ ನೋಡಿ ಬಂದದ್ದಲ್ಲ, ಊರಿಂದೂರಿಗೆ ಜನರನ್ನು ಸಾಗಿಸುವ ಸರ್ವಿಸ್ ಜೀಪಿನಿಂದ ಬಂದದ್ದು. ಬೆಳ್ತಂಗಡಿ, ಸುಳ್ಯದ ಒಳಗಿನ ಊರುಗಳಿಗೆ ಬಸ್ಸಿಗಿಂತ ಮೊದಲು ಹೋದದ್ದು ಅದೇ. ಡ್ರೈವರ್ ಅರ್ಧ ಸೀಟಿನಲ್ಲಿ, ಒಂದು ಕಾಲು ಹೊರಗೆ. ಗೇರ್ ಬದಲಿಸುವಾಗ "ಅಕ್ಕ, ಸ್ವಲ್ಪ ಮೊಣಕಾಲು" ಎನ್ನುತ್ತಿದ್ದ. ಅಕ್ಕ ಮೊಣಕಾಲು ಸರಿಸಿದ ಮೇಲೆಯೇ ಸೆಕೆಂಡ್ ಬೀಳುತ್ತಿತ್ತು. ಹಿಂದೆ ನೇತಾಡುವವರ ಲೆಕ್ಕ ಇಳಿಯುವಾಗಲೇ ಸಿಗುತ್ತಿದ್ದದ್ದು. ಆ ಗಾಡಿಗಳಲ್ಲಿ ಒರಿಜಿನಲ್ ಹುಡುಕಿದವರು ಯಾರಿದ್ದಾರೆ?

ಹಾಗೆಂದು ಕಣ್ಣು ಮುಚ್ಚಿ ತೆಗೆದುಕೊಳ್ಳುವಂತಿಲ್ಲ. ಇಲ್ಲಿ ಕಾಕ ಪಾಠ ಶುರು ಮಾಡಿದರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಮೇಲಿಂದ ಕಡಲಿನ ಉಪ್ಪು ಗಾಳಿ. ಎಂಜಿನ್ ಹೋದರೆ ಕಟ್ಟಬಹುದು, ಚಾಸಿಗೆ ತುಕ್ಕು ಹಿಡಿದರೆ ಕಷ್ಟ. ಅದಕ್ಕೇ ಕಾಕನ ಕಿಸೆಯಲ್ಲಿ ಯಾವಾಗಲೂ ಒಂದು ಮ್ಯಾಗ್ನೆಟ್ ಇರುತ್ತದೆ. ಬಾಡಿಯ ಮೇಲೆ ಅದನ್ನು ಎಳೆಯುತ್ತಾ ಹೋಗುತ್ತಾರೆ. ತಗಡು ಇದ್ದಲ್ಲಿ ಟಕ್ ಎಂದು ಹಿಡಿಯುತ್ತದೆ. ಪುಟ್ಟಿ ಮೆತ್ತಿದ್ದಲ್ಲಿ ಜಾರುತ್ತದೆ.

"ಒಬ್ಬರ ಜೀಪಿನಲ್ಲಿ ಬಾಗಿಲಿಂದ ಹಿಂದಿನ ಚಕ್ರದವರೆಗೆ ಎಲ್ಲಿಯೂ ಹಿಡೀಲೇ ಇಲ್ಲ," ಎಂದರು ಕಾಕ. "ಅದನ್ನು ಗ್ಯಾರೇಜಿಗೆ ಕೊಂಡೋಗುವುದಕ್ಕಿಂತ ಗಣಪತಿ ಮಾಡುವವರ ಹತ್ರ ಕೊಂಡೋಗಿ ಅಂದೆ."

ಆಮೇಲೆ ಮ್ಯಾಟ್ ಎತ್ತಿ ನೆಲ ನೋಡಬೇಕು. ಬಾಡಿಯನ್ನು ಚಾಸಿಗೆ ಕೂರಿಸುವ ಜಾಗ, ಹಿಂದಿನ ಅಡ್ಡ ಪಟ್ಟಿ, ಕೆಸರು ಕೂತು ಒದ್ದೆ ಉಳಿಯುವ ಮೂಲೆಗಳು. ಅಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಕುಟ್ಟಬೇಕು. ಗಟ್ಟಿ ಸದ್ದು ಬಂದರೆ ಸರಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ಮಾರುವವನಿಗೆ ನಮಸ್ಕಾರ ಹೇಳಿ ಬರಬೇಕು. ಬಳ್ಳಾರಿ, ವಿಜಯಪುರದಂಥ ಒಣ ಊರಿನ ಗಾಡಿ ಸಿಕ್ಕಿದರೆ ಬಣ್ಣ ಸುಟ್ಟು ಹೋಗಿದ್ದರೂ ಅಡಿ ಗಟ್ಟಿ ಇರುವ ಸಂಭವ ಜಾಸ್ತಿ. ತಂದ ಮೇಲೆ ಮಳೆಗಾಲಕ್ಕೆ ಮೊದಲು ಅಡಿಗೆ ಕರಿ ಆಯಿಲ್ ಹೊಡೆಸುವುದು ನಮ್ಮ ಕಡೆಯ ಹಳೇ ಮದ್ದು. ಅಂಗಳ ಕರಿಯಾಗುತ್ತದೆ, ಮನೆಯವರ ಬೈಗುಳ ಅದರ ಜೊತೆಗೆ ಫ್ರೀ.

"ಗಾಡಿ ಆಮೇಲೆ, ಮೊದಲು ಕಾಗದ," ಎಂದರು ಪೈಗಳು. ಚಾಸಿ ನಂಬರ್ ಆರ್‌ಸಿಯಲ್ಲಿ ಇರುವುದಕ್ಕೆ ಸರಿಹೊಂದಬೇಕು. ಎಂಜಿನ್ ಡೀಸೆಲ್ ಆಗಿ, ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಅಂತ ಇದ್ದರೆ ತಲೆನೋವು. ತಲಪಾಡಿಯ ಆಚೆಯಿಂದ, ಅಂದರೆ ಕೇರಳದಿಂದ ಬಂದದ್ದಾದರೆ ಎನ್‌ಒಸಿ ಬೇಕು. ಭಟ್ರು ತಮ್ಮದನ್ನು ಆಗಲೇ ಡೀಸೆಲ್ ಎಂದು ಬರೆಸಿ ಇಟ್ಟಿದ್ದಾರೆ. ಬುದ್ಧಿವಂತರು.

"ನನ್ನದು ವಿಂಟೇಜ್ ಲೆಕ್ಕಕ್ಕೆ ಬರ್ತದೆ. ಸ್ಪೆಷಲ್ ನಂಬರ್ ಪ್ಲೇಟ್!" ಶೆಟ್ರ ಮುಖ ಅರಳಿತು.

ಪೈಗಳು ಕನ್ನಡಕ ಸರಿಮಾಡಿಕೊಂಡರು. "2021ರಲ್ಲಿ ಬಂದ ನಿಯಮ ಉಂಟು. ಗಾಡಿಗೆ 50 ವರ್ಷ ದಾಟಿರ್ಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನಂಬರಾದರೆ ಕೆಎ ಆದ ಮೇಲೆ ವಿಎ ಅಂತ ಬರ್ತದೆ. ಫೀಸು 20,000 ರೂಪಾಯಿ."

"ಕೊಡುವ."

"ಆದರೆ ದಿನಾ ಓಡಿಸ್ಲಿಕ್ಕಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸ್ಲಿಕ್ಕೆ, ರಿಪೇರಿಗೆ. ಅಷ್ಟೇ."

ಶೆಟ್ರ ಕೈಯ ಗೋಳಿಬಜೆ ಚಟ್ನಿಯ ಮೇಲೆಯೇ ನಿಂತಿತು. "ಬೆಳಗ್ಗೆ ಮೀನಿನ ಧಕ್ಕೆಗೆ ಹೋಗಿ ಬಂಗುಡೆ ತರ್ಲಿಕ್ಕೆ ಆಗುದಿಲ್ವಾ?"

"ಬಂಗುಡೆ ಆ ಪಟ್ಟಿಯಲ್ಲಿ ಇಲ್ಲ."

"ಪೆಟ್ರೋಲ್ ಹಾಕಿಸ್ಲಿಕ್ಕೆ ಹೋದದ್ದು, ದಾರಿಯಲ್ಲಿ ಧಕ್ಕೆ ಸಿಕ್ಕಿತು ಅಂದ್ರೆ?"

"ನೀವಿರುವುದು ಕದ್ರಿಯಲ್ಲಿ. ಬಂಕ್ ಮನೆ ಎದುರೇ ಉಂಟು."

"ಬಂಗುಡೆಯ ಮೇಲೆ ತಾಂತ್ರಿಕ ಸಂಶೋಧನೆ?"

ಇದಕ್ಕೆ ಪೈಗಳ ಹತ್ತಿರವೂ ಉತ್ತರ ಇರಲಿಲ್ಲ. ನೋಡಿ, ಇದೇ ಇದರ ತಮಾಷೆ. ಒರಿಜಿನಲ್ ಜೀಪು ಮೀನು ತರುವಂತಿಲ್ಲ, ಮೀನು ತರುವ ಜೀಪು ಒರಿಜಿನಲ್ ಅಲ್ಲ. ಮಾಮೂಲಿ ಆರ್‌ಸಿಯಲ್ಲೇ ಇಟ್ಟುಕೊಂಡರೆ ಮೊದಲ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಿ ರಿನ್ಯೂವಲ್ ಮಾಡಿಸಬೇಕು. ತಾಪತ್ರಯ ಹೌದು, ಆದರೆ ಬಂಗುಡೆಗೆ ಅಡ್ಡಿಯಿಲ್ಲ.

"ಓಡಿಸುವ ಖುಷಿ ಬೇಕಾದರೆ ಹೈವೇ ಬಿಡಿ," ಎಂದರು ಭಟ್ರು. ಅದು ನಿಜ. ಉಡುಪಿಗೆ ಹೋಗುವ ರಸ್ತೆಯಲ್ಲಿ ಹಳೇ ಜೀಪು ಐವತ್ತರಲ್ಲಿ ನರಳುತ್ತಾ ಹೋಗುವಾಗ ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆದರೆ ಮನುಷ್ಯನಿಗೆ ವೈರಾಗ್ಯ ಬರುತ್ತದೆ. ಜೀಪಿನ ಮರ್ಯಾದೆ ಇರುವುದು ಕೊಲ್ಲೂರಿನಿಂದ ಕೊಡಚಾದ್ರಿಗೆ ಹತ್ತುವ ದಾರಿಯಂಥ ಕಡೆ. ರಸ್ತೆ ಎಂದು ಕರೆಯುವುದು ನಮ್ಮ ದೊಡ್ಡತನ. ಬರೀ ಕಲ್ಲು, ಕೊರಕಲು, ಕೆಂಪು ಕೆಸರು. ಅಲ್ಲಿನ ಡ್ರೈವರುಗಳು ಫೋರ್ ವೀಲ್ ಲೋ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್ ಹಾಕಿ, ಆಕ್ಸಿಲರೇಟರಿಗೆ ಕಾಲು ತಾಗಿಸಿಯೂ ತಾಗಿಸದ ಹಾಗೆ ಹೋಗುತ್ತಾರೆ. ಅವರ ಹೆಬ್ಬೆರಳು ನೋಡಬೇಕು. ಸ್ಟೇರಿಂಗಿನ ಒಳಗೆ ಹಾಕುವುದೇ ಇಲ್ಲ, ಮೇಲೆ ಒರಗಿಸಿ ಇಟ್ಟಿರುತ್ತಾರೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ, ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಗಿರಕ್ಕನೆ ತಿರುಗುತ್ತದೆ. ಒಳಗಿದ್ದ ಹೆಬ್ಬೆರಳು ಮುರಿದೇ ಹೋದೀತು.

ಶೆಟ್ರು ಆಗಲೇ ಹೆಬ್ಬೆರಳು ಹೊರಗಿಟ್ಟು ಗೋಳಿಬಜೆಯ ಪ್ಲೇಟನ್ನು ತಿರುಗಿಸಿ ನೋಡುತ್ತಿದ್ದರು.

"ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸುವ ಹಬ್ ಲಾಕ್ ಇರುವ ಗಾಡಿಯಾದರೆ ಫೋರ್ ವೀಲ್ ಹಾಕುವ ಮೊದಲು ಇಳಿದು ಎರಡು ಮುಂದಿನ ಚಕ್ರದ ಹಬ್ ಕೈಯಿಂದ ತಿರುಗಿಸ್ಬೇಕು," ಭಟ್ರು ಎಚ್ಚರಿಸಿದರು. "ಅದು ನೆನಪಾಗುವುದು ಹೂತ ಮೇಲೆಯೇ. ಜೋರು ಮಳೆ, ಮೊಣಕಾಲಿನವರೆಗೆ ಕೆಸರು, ಇಂಬಳ. ತಯಾರುಂಟಾ?"

"ಉಂಟು," ಎಂದರು ಶೆಟ್ರು. "ಆದಿತ್ಯವಾರ ಆ ಗಾಡಿ ನೋಡ್ಲಿಕ್ಕೆ ಹೋಗುವ. ಯುದ್ಧಕ್ಕೆ ಹೋಗದಿದ್ರೂ ಅಡ್ಡಿಯಿಲ್ಲ. ಕಾಕ, ಮ್ಯಾಗ್ನೆಟ್ ತನ್ನಿ. ಪೈಗಳೇ, ನೀವು ಕಾಗದ ನೋಡಿ. ಎಲ್ಲರೂ ನನ್ನ ಕಾರಿನಲ್ಲೇ ಹೋಗುವ, ಏಸಿ ಉಂಟು."

"ಬೇಡ, ನನ್ನ ಜೀಪಿನಲ್ಲಿ ಹೋಗುವ," ಎಂದು ಭಟ್ರು ಎದ್ದರು. "ನಿಮ್ಮದನ್ನು ತೆಗೆದುಕೊಂಡರೆ ಮನೆವರೆಗೆ ಎಳ್ಕೊಂಡು ಬರ್ಲಿಕ್ಕೆ ಒಂದು ಗಾಡಿ ಬೇಕಲ್ಲ. ಹಗ್ಗ ನನ್ನ ಹತ್ರ ಉಂಟು. ಚಾದ ಬಿಲ್ಲು ನೀವು ಕೊಡಿ."