ಸಹಾಯ ಬೇಕು: ಶಿಕಾಗೊ ಸಮೀಪ ಆರ್‌ವಿ ನಿಲ್ಲಿಸಲು ಯಾವ ಕ್ಯಾಂಪ್‌ಗ್ರೌಂಡ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಬರಲಿರುವ ನನ್ನ ತಂದೆ-ತಾಯಿಯವರೊಂದಿಗೆ, ಬಾಡಿಗೆಯ ಆರ್‌ವಿಯಲ್ಲಿ (ಮಲಗಲು, ಅಡುಗೆಗೆ, ಶೌಚಕ್ಕೆ ಅನುಕೂಲವಿರುವ ಮನೆಯಂಥ ದೊಡ್ಡ ವಾಹನ) ಮಿಶಿಗನ್ ಸರೋವರದ ದಂಡೆಯಲ್ಲಿ ಕೆಲವು ದಿನ ತಂಗಿ, ನಡುವೆ ಒಂದು ದಿನ ಶಿಕಾಗೊ ನಗರವನ್ನೂ ನೋಡಿ ಬರಬೇಕೆಂದಿದ್ದೇವೆ.

ಉತ್ತರಕ್ಕೆ ಜಯಾನ್ ಊರಿನ ಇಲಿನಾಯ್ ಬೀಚ್ ಸ್ಟೇಟ್ ಪಾರ್ಕ್, ಆಗ್ನೇಯಕ್ಕೆ ಇಂಡಿಯಾನಾ ಡ್ಯೂನ್ಸ್ ಸ್ಟೇಟ್ ಪಾರ್ಕ್, ಇವೆರಡರ ನಡುವೆ ಮನಸ್ಸು ತೂಗಾಡುತ್ತಿದೆ. ಡ್ಯೂನ್ಸ್‌ನ ಸುತ್ತಲಿನ ಪ್ರದೇಶ 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಆ ಉದ್ಯಾನದ ಡ್ಯೂನ್‌ವುಡ್ ಕ್ಯಾಂಪ್‌ಗ್ರೌಂಡಿನಲ್ಲಿ ವಿದ್ಯುತ್ ಸಂಪರ್ಕವಿಲ್ಲದ ಕಾರಣ, ರಾತ್ರಿ ಉಸಿರಾಟದ ಯಂತ್ರ ಬಳಸುವ ತಂದೆಯವರಿಗೆ ಅದು ಒಗ್ಗದು. ಪಕ್ಕದ ಸ್ಟೇಟ್ ಪಾರ್ಕಿನಲ್ಲಿ ವಿದ್ಯುತ್ ಇದೆ. ಅಲ್ಲದೆ ಅದರ ಸಮೀಪದ ಡ್ಯೂನ್ ಪಾರ್ಕ್ ನಿಲ್ದಾಣದಿಂದ ಸೌತ್ ಶೋರ್ ರೈಲು ನೇರವಾಗಿ ಶಿಕಾಗೊದ ಮಿಲೇನಿಯಮ್ ನಿಲ್ದಾಣಕ್ಕೆ ಹೋಗುವುದರಿಂದ, ತಗ್ಗು ಸೇತುವೆಗಳ ಆ ನಗರದೊಳಗೆ ಇಷ್ಟೆತ್ತರದ ವಾಹನವನ್ನು ನುಗ್ಗಿಸುವ ಸಾಹಸ ತಪ್ಪುತ್ತದೆ. ನನ್ನ ಒಲವು ಅತ್ತಲೇ ಹೆಚ್ಚು.

ಅಲ್ಲಿ ತಂಗಿದವರು ದಯವಿಟ್ಟು ತಿಳಿಸಿ: ಶೌಚಾಲಯಕ್ಕೂ ಸ್ನಾನದ ಮನೆಗೂ ಹತ್ತಿರವಿದ್ದು, ಮಂಡಿನೋವಿರುವ ತಾಯಿಯವರು ಮರಳಿನಲ್ಲಿ ಹೆಣಗದೆ ನಡೆಯಬಹುದಾದ ಜಾಗಗಳು ಯಾವ ಸಾಲಿನಲ್ಲಿವೆ? ರೈಲುಗಳ ಸದ್ದು ರಾತ್ರಿ ನಿದ್ದೆಗೆ ಅಡ್ಡಿಯಾಗುವಷ್ಟಿದೆಯೇ? ತ್ಯಾಜ್ಯದ ಟ್ಯಾಂಕ್ ಖಾಲಿ ಮಾಡುವಲ್ಲಿ ಭಾನುವಾರ ಬೆಳಿಗ್ಗೆ ಉದ್ದ ಸಾಲಿರುತ್ತದೆಯೇ? ವಾರಾಂತ್ಯದ ಜಾಗಗಳು ಬೇಗ ಮುಗಿಯುವ ಕಾರಣ ಈ ವಾರವೇ ಕಾಯ್ದಿರಿಸಬೇಕಿದೆ.