ಬಲೂನ್ ಬಿಡುವಾಗ ‘ಡೌನ್‌ವಿಂಡ್’, ‘ಲೀ ಸೈಡ್’, ‘ಫ್ರೀ ಲಿಫ್ಟ್’: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಜೋರು ಗಾಳಿಯಲ್ಲಿ ರೇಡಿಯೋಸೋಂಡ್ (ಮೇಲಿನ ಗಾಳಿಯ ಉಷ್ಣಾಂಶ ಮುಂತಾದುವನ್ನು ಅಳೆದು ರೇಡಿಯೋದಲ್ಲಿ ಕಳಿಸುವ ಪುಟ್ಟ ಉಪಕರಣ, ಚಿಕ್ಕದಾಗಿ ಸೋಂಡ್) ದಾರದಲ್ಲಿ ಕಟ್ಟಿದ ಬಲೂನ್ ಬಿಡುವ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕರಡಿನಲ್ಲಿ ‘ಡೌನ್‌ವಿಂಡ್’ಗೆ ‘ಗಾಳಿಯ ಕೆಳಗೆ’, ‘ಲೀ ಸೈಡ್’ಗೆ ‘ಗಾಳಿಮರೆ’, ‘ಫ್ರೀ ಲಿಫ್ಟ್’ಗೆ ‘ಮುಕ್ತ ಎತ್ತುಬಲ’ ಎಂದಿದೆ. ಬಲ್ಲವರು ತಿದ್ದಬೇಕು.

ಉತ್ತರ: ‘ಗಾಳಿಯ ಕೆಳಗೆ’ ಬೇಡವೇ ಬೇಡ, ಓದಿದವರಿಗೆ ಏನೂ ಹೊಳೆಯುವುದಿಲ್ಲ. ಡೌನ್‌ವಿಂಡ್‌ಗೆ ‘ಗಾಳಿ ಹೋಗುವ ಕಡೆ’, ಅದರ ಎದುರು ದಿಕ್ಕಿಗೆ ‘ಗಾಳಿ ಬರುವ ಕಡೆ’ ಎಂದು ಬಿಡಿಸಿಯೇ ಬರೆಯಿರಿ. ಉದ್ದವಾದರೂ ಚಿಂತೆಯಿಲ್ಲ, ಇಲ್ಲಿ ದಿಕ್ಕು ತಪ್ಪಿದರೆ ಉಪಕರಣವೇ ಹೋಗುತ್ತದೆ. ಇಬ್ಬರು ಸೇರಿ ಬಿಡುವಾಗ ಸೋಂಡ್ ಹಿಡಿದವರು ಬಲೂನ್ ಹಿಡಿದವರಿಂದ ಗಾಳಿ ಹೋಗುವ ಕಡೆಗೆ ನಿಲ್ಲಬೇಕು. ಬಲೂನ್ ಅವರ ತಲೆಯ ಮೇಲೆ ಹಾದು ದಾರ ಬಿಗಿಯಾಗುತ್ತಿದ್ದಂತೆ ಸೋಂಡನ್ನು ಕೈಬಿಡುವುದು. ಗಾಳಿ ಬರುವ ಕಡೆ ನಿಂತರೆ ದಾರ ಅಡ್ಡಕ್ಕೆ ಜಗ್ಗಿ ಸೋಂಡ್ ನೆಲಕ್ಕೆ ಬಡಿಯುತ್ತದೆ. ಪಣಂಬೂರಿನಂಥ ಕಡಲತೀರದಲ್ಲಿ ಪಡುವಣ ಗಾಳಿ ಬೀಸುತ್ತಿದ್ದರೆ ಸೋಂಡಿನವರ ಜಾಗ ಮೂಡಣಕ್ಕೆ. ‘ಗಾಳಿಗೆ ಬೆನ್ನು ಕೊಟ್ಟು’ ಎಂದೂ ಬರೆಯಬೇಡಿ. ಅದರಿಂದ ಮುಖ ಯಾವ ಕಡೆಗೆ ಎಂದು ಗೊತ್ತಾದೀತು, ನಿಲ್ಲುವ ಜಾಗ ಗೊತ್ತಾಗದು.

ಬಲೂನ್ ಏರುವುದು ಸೆಕೆಂಡಿಗೆ ಸುಮಾರು 5 ಮೀಟರ್. ಗಾಳಿ 15 ಮೀಟರ್ ಇದ್ದರೆ ಅದು ನೆಲದಿಂದ ಬರೀ 18 ಡಿಗ್ರಿ ಓರೆಯಲ್ಲಿ ಹೋಗುತ್ತದೆ. 60 ಮೀಟರ್ ಆಚೆಯ ತೆಂಗಿನಮರ ಮುಟ್ಟುವಾಗ ಬಲೂನಿನ ಎತ್ತರ 20 ಮೀಟರ್. 30 ಮೀಟರ್ ದಾರ ಮೊದಲೇ ಬಿಚ್ಚಿಕೊಂಡಿದ್ದರೆ ಸೋಂಡ್ ಇನ್ನೂ ಕೆಳಗೇ ಓಲಾಡುತ್ತಿರುತ್ತದೆ. ಹಾಗಂತ ದಾರ ಮೋಟು ಮಾಡುವಂತಿಲ್ಲ: ಬಿಸಿಲಿಗೆ ಕಾದ ಬಲೂನಿನ ಹಿಂದಿನ ಗಾಳಿ ಉಷ್ಣಾಂಶದ ಅಳತೆ ಕೆಡಿಸುತ್ತದೆ. ಅದಕ್ಕೇ ಹಾರುತ್ತಾ ಹಾರುತ್ತಾ ನಿಧಾನಕ್ಕೆ ದಾರ ಬಿಡುವ ‘ಅನ್‌ವೈಂಡರ್’. ಕನ್ನಡದಲ್ಲಿ ಇದಕ್ಕೆ ‘ದಾರದ ಉರುಳೆ’ ಎಂದರೆ ಸಾಕು.

‘ಗಾಳಿಮರೆ’ ಒಳ್ಳೆಯ ಪದ, ಆದರೆ ಮರೆ ಎಂದ ಕೂಡಲೇ ಕ್ಷೇಮ ಎನಿಸುತ್ತದೆ, ತೊಂದರೆ ಅಲ್ಲೇ. ಕಟ್ಟಡದ ಮರೆಯಲ್ಲಿ ಗಾಳಿ ಸುಳಿ ತಿರುಗುತ್ತದೆ. ಗೋಡೆ ಪಕ್ಕ ಬಿಟ್ಟ ಬಲೂನನ್ನು ಅದು ಕೆಳಕ್ಕೆ ಒತ್ತಬಹುದು. ಸೂರಿನ ಅಂಚು ದಾಟಿದ ಕೂಡಲೇ ಪೂರಾ ಗಾಳಿ ಒಮ್ಮೆಗೇ ಹೊಡೆಯುತ್ತದೆ. ಆದ್ದರಿಂದ ‘ಮರೆಯಲ್ಲಿ ತುಂಬಿ, ಬಯಲಿನಲ್ಲಿ ಬಿಡಿ’ ಎಂದು ಎರಡೂ ಸೇರಿಸಿ ಬರೆಯುವುದು ಲೇಸು. ಬಯಲಿಗೆ ಒಯ್ಯುವವರೆಗೆ ಬಲೂನಿಗೆ ಬಟ್ಟೆಯ ಮುಸುಕು ಹಾಕಿರಬೇಕು.

‘ಮುಕ್ತ ಎತ್ತುಬಲ’ ಎಂದರೆ ತಳಬುಡ ತಿಳಿಯದು. ಬಲೂನಿನ ಬಾಯಿಗೆ ತೂಕ ಕಟ್ಟಿ ಅಳೆದ ಎತ್ತುಬಲ 1000 ಗ್ರಾಂ ಇದ್ದು, ಸೋಂಡ್, ಪ್ಯಾರಾಚೂಟ್, ಉರುಳೆ ಸೇರಿ 200 ಗ್ರಾಂ ತೂಗಿದರೆ ಮಿಕ್ಕ 800 ಗ್ರಾಂ ಫ್ರೀ ಲಿಫ್ಟ್. ‘ಉಳಿಕೆ ಎತ್ತುಬಲ’ ಎಂದರೆ ಲೆಕ್ಕವೂ ಪದದೊಳಗೇ ಬಂತು. ಗಾಳಿಮಳೆಯಲ್ಲಿ ಇದನ್ನು ತುಸು ಹೆಚ್ಚಿಸುತ್ತಾರೆ, ರಬ್ಬರಿನ ಮೇಲೆ ನಿಂತ ನೀರಿಗೂ ತೂಕವಿದೆಯಲ್ಲ. ಅತಿಯಾದರೆ ಬಲೂನ್ ಎತ್ತರ ಮುಟ್ಟುವ ಮೊದಲೇ ಒಡೆಯುತ್ತದೆ. ಅಳತೆ ಮಾತ್ರ ತುಂಬುವ ಶೆಡ್ಡಿನೊಳಗೇ ಆಗಬೇಕು. ಹೊರಗೆ ಗಾಳಿ ಬಲೂನನ್ನು ವಾಲಿಸಿ ತೂಕದ ಲೆಕ್ಕ ತಪ್ಪಿಸುತ್ತದೆ.