‘ಸೆನ್ಸಾರ್ಡ್’, ‘ಹಜಾರ್ಡ್ ರೇಶಿಯೊ’, ‘ನೋಮೊಗ್ರಾಂ’: ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ,

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರು ಎಷ್ಟು ಕಾಲ ಬದುಕಬಹುದೆಂದು ಸಂಖ್ಯಾಶಾಸ್ತ್ರದ ಮಾದರಿಗಳಿಂದ ಅಂದಾಜು ಮಾಡುವ ಕುರಿತ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಕರಡು ನಾಲ್ಕು ಕಡೆ ನಿಂತಿದೆ. ‘ಸರ್ವೈವಲ್’ಗೆ ಎಲ್ಲ ಕಡೆಯೂ ‘ಬದುಕುಳಿಯುವಿಕೆ’ ಸಾಕೇ? ‘ಸೆನ್ಸಾರ್ಡ್’ ರೋಗಿಗಳನ್ನು ‘ಕೈಬಿಡಲಾದವರು’ ಎಂದಿದೆ, ಸರಿಯೇ? ‘ಹಜಾರ್ಡ್ ರೇಶಿಯೊ 0.64’ ಎಂಬುದನ್ನು ‘ಸಾಯುವವರ ಸಂಖ್ಯೆ ಶೇ 36ರಷ್ಟು ಕಡಿಮೆ’ ಎಂದು ಬಿಡಿಸಬಹುದೇ? ರೋಗಿಯ ವಿವರಗಳಿಂದ ಅಂದಾಜು ಓದುವ ರೇಖಾಚಿತ್ರವಾದ ‘ನೋಮೊಗ್ರಾಂ’ಗೆ ‘ಅಂಕಪಟ್ಟಿ’ ಹೊಂದುತ್ತದೆಯೇ?

*

‘ಕೈಬಿಡಲಾದವರು’ ಎಂಬುದನ್ನು ಮೊದಲು ತೆಗೆಯಿರಿ. ಉಳಿದ ಮೂರು ಪದಗಳು ತಪ್ಪಿದರೆ ಓದುಗ ತಡವರಿಸುತ್ತಾನೆ, ಇದು ತಪ್ಪಿದರೆ ಲೆಕ್ಕವೇ ತಲೆಕೆಳಗು. ಐವರು ರೋಗಿಗಳು ಎನ್ನಿ. ಮೂವರು 6, 14 ಮತ್ತು 26ನೇ ತಿಂಗಳಲ್ಲಿ ತೀರಿಕೊಂಡರು. ಒಬ್ಬರು 10ನೇ ತಿಂಗಳಲ್ಲಿ ತಪಾಸಣೆಗೆ ಬಂದಿದ್ದರು, ಆಮೇಲೆ ಸುದ್ದಿಯಿಲ್ಲ. ಇನ್ನೊಬ್ಬರು ತಡವಾಗಿ ಸೇರಿದವರು. ಅಧ್ಯಯನ ಮುಗಿದಾಗ ಅವರಿಗೆ 20 ತಿಂಗಳು ತುಂಬಿತ್ತು, ಬದುಕಿದ್ದರು. ಈ ಕೊನೆಯ ಇಬ್ಬರೇ ‘ಸೆನ್ಸಾರ್ಡ್’.

ಕಾಪ್ಲಾನ್ ಮತ್ತು ಮೇಯರ್ 1958ರಲ್ಲಿ ಕೊಟ್ಟ ವಿಧಾನದಂತೆ, ಬದುಕಿರುವವರ ಪಾಲನ್ನು ಸಾವು ಸಂಭವಿಸಿದ ತಿಂಗಳಲ್ಲಷ್ಟೇ ಗುಣಿಸಬೇಕು. 6ನೇ ತಿಂಗಳಲ್ಲಿ ಐವರಲ್ಲಿ ನಾಲ್ವರು ಉಳಿದರು: 0.80. 14ನೇ ತಿಂಗಳ ಹೊತ್ತಿಗೆ, 10ರ ಆಮೇಲೆ ಸುದ್ದಿಯಿಲ್ಲದವರು ಬಿಟ್ಟು, ಲೆಕ್ಕದಲ್ಲಿರುವವರು ಮೂವರು, ಉಳಿದವರು ಇಬ್ಬರು: 0.80ನ್ನು 2/3ರಿಂದ ಗುಣಿಸಿದರೆ 0.53. 26ರಲ್ಲಿ ಲೆಕ್ಕದಲ್ಲಿದ್ದ ಒಬ್ಬರೂ ಹೋದರು: ಸೊನ್ನೆ. ಈ ಪಾಲನ್ನು ತೋರಿಸುವ ಗೆರೆ ಅರ್ಧಕ್ಕಿಂತ ಕೆಳಗಿಳಿಯುವುದು 26ರಲ್ಲಿ, ಹಾಗಾಗಿ ಮಧ್ಯಾಂಕ 26 ತಿಂಗಳು. ಆ ಇಬ್ಬರನ್ನು ನಿಜವಾಗಿಯೂ ‘ಕೈಬಿಟ್ಟರೆ’ 6, 14, 26ರ ನಡುವಿನ ಸಂಖ್ಯೆ 14. ಅವರನ್ನು ಸತ್ತವರ ಜೊತೆ ಸೇರಿಸಿದರೂ 14! ಐವರ ಲೆಕ್ಕದಿಂದ ಯಾರೂ ತೀರ್ಮಾನಕ್ಕೆ ಬರಬಾರದು, ಆದರೆ ಪದ ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಸಾಕು.

ಅವರ 10 ಮತ್ತು 20 ತಿಂಗಳ ಬದುಕು ಲೆಕ್ಕಕ್ಕೆ ಬರುತ್ತದೆ, ಮುಂದಿನದು ಮಾತ್ರ ಗೊತ್ತಿಲ್ಲ. ಆದ್ದರಿಂದ ‘ಮುಂದು ತಿಳಿಯದವರು’ ಎಂಬುದು ನನ್ನ ಸಲಹೆ. ‘ಸೆನ್ಸಾರ್ ಆದವರು’ ಎಂದರೆ ಸಿನಿಮಾ ಕತ್ತರಿ ಕಣ್ಣಿಗೆ ಕಟ್ಟುತ್ತದೆ. ಸಾಧ್ಯವಾದರೆ ಒಳಗಿನ ಎರಡು ಗುಂಪನ್ನೂ ಬಿಡಿಸಿ ಹೇಳಿ: ‘ಅಧ್ಯಯನ ಮುಗಿದಾಗ ಬದುಕಿದ್ದವರು’ ಮತ್ತು ‘ತಪಾಸಣೆಗೆ ಬಾರದೆ ಹೋದವರು’. ಎರಡನೆಯವರಲ್ಲಿ ಅಪಾಯವಿದೆ. ಕಾಯಿಲೆ ಉಲ್ಬಣಿಸಿ ಓಡಾಡಲಾಗದೆ ಬಾರದಿದ್ದರೆ, ಉಳಿದವರಂತೆಯೇ ಇವರೂ ಎಂದು ಲೆಕ್ಕ ನಂಬುತ್ತದೆ. ಗೆರೆ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ.

‘ಹಜಾರ್ಡ್’ ಮತ್ತು ‘ರಿಸ್ಕ್’ ಎರಡಕ್ಕೂ ‘ಅಪಾಯ’ ಎಂದು ಬರೆಯುವುದೇ ಮೂಲ ತೊಡಕು. ಸಂಖ್ಯಾಶಾಸ್ತ್ರಜ್ಞ ಕಾಕ್ಸ್ 1972ರಲ್ಲಿ ಕೊಟ್ಟ ಮಾದರಿಯಲ್ಲಿ ಹಜಾರ್ಡ್ ಎಂದರೆ, ಈವರೆಗೆ ಬದುಕಿರುವವರಲ್ಲಿ ಆ ಹೊತ್ತಿಗೆ ಸಾವು ಬರುವ ವೇಗ. ‘ತತ್ಕಾಲ ಸಾವಿನ ದರ’ ಎನ್ನಬಹುದು, ರೇಶಿಯೊಗೆ ‘ತತ್ಕಾಲ ದರಗಳ ಅನುಪಾತ’. 0.64 ಎಂದ ಮಾತ್ರಕ್ಕೆ ಸಾಯುವವರು ಶೇ 36ರಷ್ಟು ಕಡಿಮೆಯಾಗುವುದಿಲ್ಲ. 2018ರಲ್ಲಿ ಪ್ರಕಟವಾದ ಪ್ರಾಡಿಜ್ 24 ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮಾರ್ಪಡಿಸಿದ ಫಾಲ್ಫಿರಿನಾಕ್ಸ್ (ಹಲವು ಔಷಧಿಗಳ ಕೀಮೊ) ಪಡೆದವರಲ್ಲಿ ಮೂರು ವರ್ಷಕ್ಕೆ ಶೇ 63.4 ಮಂದಿ, ಜೆಮ್ಸಿಟಾಬಿನ್ ಎಂಬ ಒಂದೇ ಕೀಮೊ ಔಷಧಿ ಪಡೆದವರಲ್ಲಿ ಶೇ 48.6 ಮಂದಿ ಬದುಕಿದ್ದರು; ಅನುಪಾತ 0.64. ತೀರಿಕೊಂಡವರು 36.6 ಮತ್ತು 51.4, ಅಂದರೆ ಇಳಿಕೆ ಸುಮಾರು ಶೇ 29. ಅನುಪಾತ ಕೆಲಸ ಮಾಡುವುದು ಘಾತವಾಗಿ: 0.486ರ 0.64ನೇ ಘಾತ 0.63. ಓದುಗರಿಗೆ ಘಾತ ಬೇಡ. ‘ನೂರರಲ್ಲಿ 49ರ ಬದಲು 63 ಮಂದಿ’ ಎಂದು ಬರೆದು ಅನುಪಾತವನ್ನು ಪಕ್ಕದಲ್ಲಿ ಇಡಿ.

‘ಬದುಕುಳಿ’ ಎಂಬುದರಲ್ಲಿ ಗಂಡಾಂತರ ಕಳೆದುಹೋಯಿತೆಂಬ ಧ್ವನಿಯಿದೆ: ಅಪಘಾತದಲ್ಲಿ ಬದುಕುಳಿದವರು. ಇಲ್ಲಿ ಹಾಗಿಲ್ಲ. ಮೂಲದಲ್ಲಿ ತಿಂಗಳಿದ್ದರೆ ‘ಬದುಕಿನ ಅವಧಿ’, ಶೇಕಡಾ ಇದ್ದರೆ ‘ಬದುಕಿರುವ ಸಂಭವ’. ‘ಮೀಡಿಯನ್ ಸರ್ವೈವಲ್ 28 ತಿಂಗಳು’ ಎಂಬುದು ‘ಸರಾಸರಿ 28 ತಿಂಗಳು’ ಅಲ್ಲ, ‘ರೋಗಿ 28 ತಿಂಗಳು ಬದುಕುತ್ತಾನೆ’ ಎಂದಂತೂ ಅಲ್ಲವೇ ಅಲ್ಲ. ‘ಅರ್ಧದಷ್ಟು ಮಂದಿ 28 ತಿಂಗಳು ದಾಟಿದರು’ ಎಂದರೆ ಮುಗಿಯಿತು. ಶಾಲೆಯ ಗಣಿತದ ‘ಮಧ್ಯಾಂಕ’ ಕೈಗೆ ಸಿಗುವಾಗ ಹೊಸದೇಕೆ?

‘ಅಂಕಪಟ್ಟಿ’ ಎಂದರೆ ಪರೀಕ್ಷೆಯ ಮಾರ್ಕ್ಸ್ ಕಾರ್ಡ್. ‘ನೋಮೊಗ್ರಾಂ’ ಎಂದೇ ಇರಲಿ, ಬಳಸುವ ರೀತಿಯನ್ನು ಒಮ್ಮೆ ವಿವರಿಸಿ. ಗಡ್ಡೆಯ ಅಳತೆ, ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಎಷ್ಟು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದೆ, ಹೀಗೆ ಒಂದೊಂದರಿಂದ ನೇರ ಮೇಲಕ್ಕೆ ಗೆರೆ ಎಳೆದು ಅಂಕ ಓದಬೇಕು, ಕೂಡಿಸಬೇಕು, ಮೊತ್ತದಿಂದ ಕೆಳಕ್ಕೆ ಇಳಿದು ಸಂಭವ ಓದಬೇಕು. ಇಲ್ಲಿ ‘ಗಂಟು’ ಎಂಬ ಪದವನ್ನು ದೂರವಿಡಿ. ಗಡ್ಡೆಗೂ ದುಗ್ಧಗ್ರಂಥಿಗೂ ಅದನ್ನೇ ಬಳಸಿದ ಅನುವಾದದಲ್ಲಿ ‘ನಾಲ್ಕು ಗಂಟು’ ಯಾವುದೆಂದು ಯಾರಿಗೂ ತಿಳಿಯದು.

ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದವರು 2004ರಲ್ಲಿ ಪ್ರಕಟಿಸಿದ ನೋಮೊಗ್ರಾಂನ ‘ಕನ್ಕಾರ್ಡೆನ್ಸ್ ಇಂಡೆಕ್ಸ್’ ಕೂಡ 0.64. ಅಂಕಿ ಒಂದೇ, ಅರ್ಥಕ್ಕೆ ಸಂಬಂಧವೇ ಇಲ್ಲ. ಇಬ್ಬಿಬ್ಬರನ್ನು ಹೋಲಿಸಿದಾಗ ಯಾರು ಮೊದಲು ತೀರಿಕೊಂಡರು ಎಂಬುದನ್ನು ನೂರು ಜೋಡಿಗಳಲ್ಲಿ 64ರಲ್ಲಿ ಮಾದರಿ ಸರಿಯಾಗಿ ಹೇಳಿತು ಎಂದರ್ಥ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಇದಕ್ಕೆ ‘ಕ್ರಮ ಹೊಂದಿಕೆ’ ಎನ್ನೋಣ. ‘ಶೇ 64ರಷ್ಟು ನಿಖರ’ ಎಂದು ಬರೆದರೆ ಸುಳ್ಳಾಗುತ್ತದೆ. ‘ಕ್ಯಾಲಿಬ್ರೇಶನ್’ಗೆ ‘ತಾಳೆ’ ಚೆನ್ನಾಗಿ ಕೂರುತ್ತದೆ: ಶೇ 40 ಬದುಕುತ್ತಾರೆಂದು ಮಾದರಿ ಹೇಳಿದ ಗುಂಪಿನಲ್ಲಿ ನಿಜಕ್ಕೂ ನೂರಕ್ಕೆ 40 ಮಂದಿ ಬದುಕಿದ್ದಾರೆಯೇ ಎಂದು ತಾಳೆ ನೋಡುವುದು. ಕೀಮೊ ಸುಧಾರಿಸಿದ ಮೇಲೆ ಹಳೆಯ ಮಾದರಿಯ ಕ್ರಮ ಸರಿಯಿದ್ದೂ ತಾಳೆ ತಪ್ಪಬಹುದು, ಹಾಗಾಗಿ ಎರಡಕ್ಕೂ ಬೇರೆ ಪದ ಬೇಕೇ ಬೇಕು.

*

ಮೇಲಿನವರ ‘ಮುಂದು ತಿಳಿಯದವರು’ ನನಗೂ ಒಪ್ಪಿಗೆ. ಆದರೆ ಅವರೇ ಬಳಸಿರುವ ‘ಶಸ್ತ್ರಚಿಕಿತ್ಸೆಯ ನಂತರ’ದಲ್ಲಿ ಒಂದು ತಕರಾರು. ಕನ್ನಡದ ‘ನಂತರ’ ಯಾವ ದಿನದಿಂದ ಎಣಿಸಿದರೆಂದು ಹೇಳುವುದಿಲ್ಲ. ಪ್ರಾಡಿಜ್ 24ರಲ್ಲಿ ಎಣಿಕೆ ಶುರುವಾದದ್ದು ಶಸ್ತ್ರಚಿಕಿತ್ಸೆಯ ದಿನವಲ್ಲ, ಚೇತರಿಸಿಕೊಂಡವರನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚಿದ ದಿನ. ಅದು 3ರಿಂದ 12 ವಾರಗಳ ಬಳಿಕ. ಅಷ್ಟರೊಳಗೆ ತೀರಿಕೊಂಡವರು, ಕೀಮೊ ತಡೆಯುವಷ್ಟು ಚೇತರಿಸದವರು ಆ 63.4ರಲ್ಲಿ ಇಲ್ಲವೇ ಇಲ್ಲ. ನೋಮೊಗ್ರಾಂ ಹೇಳುವ ಶೇಕಡಾವಾರಿನ ಪಕ್ಕದಲ್ಲಿ ಇದನ್ನಿಟ್ಟರೆ ಹೋಲಿಕೆ ಕೆಡುತ್ತದೆ. ‘ಶಸ್ತ್ರಚಿಕಿತ್ಸೆಯ ದಿನದಿಂದ’, ‘ರೋಗ ಪತ್ತೆಯಾದ ದಿನದಿಂದ’, ‘ಗುಂಪಿಗೆ ಹಂಚಿದ ದಿನದಿಂದ’ ಎಂದು ಪ್ರತಿ ಅಂಕಿಗೂ ‘ದಿನದಿಂದ’ ಸೇರಿಸಿ ಬರೆಯಿರಿ. ವಾಕ್ಯ ಉದ್ದವಾದರೆ ಆಗಲಿ.